ಮನೆಯಡುಗೆಯಲ್ಲಿ ಲಿವರಿಗೂ ಜಾಗವಿರಲಿ

ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಬೋಟಿ, ಲಿವರ್ ಫ್ರೈ, ತಲೆಮಾಂಸಗಳಿಗೆ ಇಂದಿಗೂ ಬೇಡಿಕೆಯಿದ್ದರೂ, ಮಾಂಸಾಹಾರಿಗಳ ಎಷ್ಟೋ ಮನೆಗಳಲ್ಲಿ ಇವುಗಳ ಅಡುಗೆ ಅಪರೂಪವಾಗಿರುವುದು ನನಗೆ ಬೇಸರದ ಸಂಗತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ 100 ಗ್ರಾಂ ಕೋಳಿ ಲಿವರಿನಲ್ಲಿ ಸುಮಾರು 9 ಮಿಲಿಗ್ರಾಂ ಕಬ್ಬಿಣಾಂಶವಿದ್ದು, ಅದರ ಒಂದು ಪಾಲು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಕ್ಕಿಂತ ಸುಲಭವಾಗಿ ದೇಹಕ್ಕೆ ಹೀರಿಕೆಯಾಗುತ್ತದೆ ಎಂಬುದನ್ನು ಕಡೆಗಣಿಸಲಾಗದು. ಬಿ12 ಮತ್ತು ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವಗಳು ಸಹ ಧಾರಾಳವಾಗಿವೆ.

ಆದರೆ ಅಷ್ಟೇ ಲಿವರಿನಲ್ಲಿರುವ ಎ ಜೀವಸತ್ವವು ವಯಸ್ಕರ ದಿನದ ಗರಿಷ್ಠ ಮಿತಿಯಾದ 3000 ಮೈಕ್ರೋಗ್ರಾಂ ಅನ್ನು ಮೀರುವುದರಿಂದ, ವಾರಕ್ಕೊಮ್ಮೆ ಸ್ವಲ್ಪ ತಿಂದರೆ ಸಾಕೆಂಬುದು ನನ್ನ ಅಭಿಪ್ರಾಯ. ಗರ್ಭಿಣಿಯರು ಲಿವರನ್ನು ಬಿಡುವುದೇ ಕ್ಷೇಮ. ದೇಹದಲ್ಲಿ ಯೂರಿಕ್ ಆಮ್ಲವಾಗಿ ಬದಲಾಗುವ ಪ್ಯೂರಿನ್ ಹೆಚ್ಚಿರುವ ಕಾರಣ, ಆ ಆಮ್ಲ ಕೀಲುಗಳಲ್ಲಿ ಸೇರಿ ನೋವು ತರುವ ಗೌಟ್ ಇರುವವರೂ ದೂರವಿರಬೇಕು.