ಮಾಲ್ಕಂ ಎಕ್ಸ್ ರಸ್ತೆಗಳು ಎರಡಿವೆ, ಎಚ್ಚರ

ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ನಾಯಕ ಮಾಲ್ಕಂ ಎಕ್ಸ್ ಅವರ ಜಾಡು ಹಿಡಿದು ನ್ಯೂಯಾರ್ಕ್‌ಗೆ ಹೋಗುವವರು ಗಮನಿಸಿ: ಅಲ್ಲಿ ಮಾಲ್ಕಂ ಎಕ್ಸ್ ಬುಲೆವಾರ್ಡ್ ಎಂಬ ರಸ್ತೆ ಒಂದಲ್ಲ, ಎರಡು. ಇದು ತಿಳಿಯದೆ ಆ್ಯಪ್‌ನಲ್ಲಿ ಬರಿಯ ಹೆಸರನ್ನು ಒತ್ತಿ, ಟ್ಯಾಕ್ಸಿಗೆ 60 ಡಾಲರ್ ತೆತ್ತು ನಾನು ಇಳಿದದ್ದು ಬ್ರೂಕ್ಲಿನ್‌ನಲ್ಲಿ. ನೀವು ಹೋಗಬೇಕಾದದ್ದು ಅವರ ಕಾರ್ಯಕ್ಷೇತ್ರವಾಗಿದ್ದ ಹಾರ್ಲೆಮ್ ಬಡಾವಣೆಗೆ. ಅಲ್ಲಿನ ಲೆನಾಕ್ಸ್ ಅವೆನ್ಯೂಗೆ 1987ರಲ್ಲಿ ಅವರ ಹೆಸರನ್ನು ಸೇರಿಸಿದರೇ ಹೊರತು ಹಳೆಯದನ್ನು ತೆಗೆಯಲಿಲ್ಲ. ದಾರಿ ಕೇಳುವಾಗ ಲೆನಾಕ್ಸ್ ಎಂದರೇ ಬೇಗ ಕೆಲಸವಾಗುತ್ತದೆ. 2 ಅಥವಾ 3ನೇ ಸಂಖ್ಯೆಯ ಸಬ್‌ವೇ ಹಿಡಿದರೆ ಸುಮಾರು 3 ಡಾಲರಿನಲ್ಲಿ ಮುಗಿಯುವ ಪ್ರಯಾಣವದು.

ಮರುದಿನ ಮೋಸ ಹೋದದ್ದು ದಾರಿ ಬಲ್ಲವರ ಕೈಯಲ್ಲೇ. ಮಾಲ್ಕಂ ಅವರ ಹಾರ್ಲೆಮ್ ತೋರಿಸುತ್ತೇವೆಂದು ಜಾಹೀರಾತು ಕೊಟ್ಟಿದ್ದ ಕಾಲ್ನಡಿಗೆಯ ಪ್ರವಾಸವೊಂದಕ್ಕೆ 45 ಡಾಲರ್ ಕಟ್ಟಿದ್ದೆ. ಮೂರು ಗಂಟೆಗಳಲ್ಲಿ ಬಹುಪಾಲು ಜಾಜ್ ಸಂಗೀತಗಾರರ ಮನೆಗಳಿಗೆ ಸಂದು, ಮಾಲ್ಕಂ ಅವರ ಪಾಲಿಗೆ ಉಳಿದದ್ದು 125ನೇ ಬೀದಿಯ ಹೋಟೆಲ್ ಥೆರೇಸಾ ಎದುರಿನ ನಾಲ್ಕು ನಿಮಿಷ. ಈಗ ಕಚೇರಿಗಳ ಕಟ್ಟಡವಾಗಿರುವ ಅದರಲ್ಲಿ 1960ರ ಸೆಪ್ಟೆಂಬರಿನಲ್ಲಿ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ತಂಗಿದ್ದಾಗ ಮಾಲ್ಕಂ ಬಂದು ಭೇಟಿಯಾದರೆಂದು ಹೇಳಿ ಮಾರ್ಗದರ್ಶಿ ಮುಂದೆ ನಡೆದ. ಆಗಲೇ ನಮ್ಮ ನೆಹರೂ ಅವರೂ ಅಲ್ಲಿಗೇ ಹೋಗಿ ಕ್ಯಾಸ್ಟ್ರೊ ಅವರನ್ನು ಕಂಡಿದ್ದರೆಂಬುದನ್ನು ಗುಂಪಿನವರಿಗೆ ನಾನೇ ಹೇಳಬೇಕಾಯಿತು. 1964ರಲ್ಲಿ ಮಾಲ್ಕಂ ಕಟ್ಟಿದ ಆಫ್ರೋ-ಅಮೆರಿಕನ್ ಏಕತಾ ಸಂಘಟನೆಯ ಕಚೇರಿಯೂ ಇದೇ ಕಟ್ಟಡದಲ್ಲಿತ್ತು. ಇಂಥ ಪ್ರವಾಸಕ್ಕೆ ಹಣ ಕಟ್ಟಬೇಡಿ. ಒಬ್ಬರೇ ನಡೆದರೂ ದಾರಿ ತಪ್ಪುವ ಭಯವಿಲ್ಲ.

ಒಂದೇ ದಿನವಿದ್ದರೆ ಅದನ್ನು 116ನೇ ಬೀದಿಗೆ ಮೀಸಲಿಡಿ. ಹಸಿರು ಗುಮ್ಮಟದ ಮಸೀದಿಯೊಂದು ಅಲ್ಲಿದೆ. ನೇಷನ್ ಆಫ್ ಇಸ್ಲಾಂ ಎಂಬ ಕಪ್ಪು ಮುಸ್ಲಿಮರ ಸಂಘಟನೆಯ ಏಳನೆಯ ದೇಗುಲವಾಗಿ ಮಾಲ್ಕಂ 1954ರಿಂದ ನಡೆಸಿಕೊಂಡು ಬಂದ ನೆಲೆಯಿದು. 1964ರ ಮಾರ್ಚ್‌ನಲ್ಲಿ ಅವರು ಸಂಘಟನೆಯನ್ನು ತೊರೆದಾಗ ಒಳಗಿನವರು ಅವರನ್ನು ದ್ರೋಹಿಯೆಂದರು, ಮರುವರ್ಷ ಅವರ ಕೊಲೆಯಾದ ಬಳಿಕ ಬಾಂಬಿಗೆ ಈ ಕಟ್ಟಡವೂ ಹಾಳಾಯಿತು. ಆದರೆ ಆಗ ಸಂಘಟನೆಯ ಮುಖ್ಯಸ್ಥರಾಗಿದ್ದ ಎಲೈಜಾ ಮುಹಮ್ಮದ್ ಅವರ ಮಗನ ಕಾಲಕ್ಕೆ, 1976ರಲ್ಲಿ, ಇದಕ್ಕೆ ಇಟ್ಟ ಹೆಸರು ಮಸ್ಜಿದ್ ಮಾಲ್ಕಂ ಶಬಾಝ್. ದ್ರೋಹಿಯೆಂದು ಕರೆದವನ ಹೆಸರನ್ನೇ ಬಾಗಿಲ ಮೇಲೆ ಬರೆಸಿಕೊಂಡ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ಬೀದಿಯಲ್ಲಿ ಅವರ ಹೆಸರಿನ ಸಂತೆಯೂ ಇದೆ. 125ನೇ ಬೀದಿಯ ಪಾದಚಾರಿ ಮಾರ್ಗದಿಂದ 1994ರಲ್ಲಿ ಎಬ್ಬಿಸಲಾದ ಆಫ್ರಿಕಾದ ವ್ಯಾಪಾರಿಗಳು ಇಲ್ಲಿಗೆ ಬಂದರು. ಬಟ್ಟೆಗೆ ಹೇಳಿದ ಬೆಲೆಯನ್ನು ಕೊಡಬೇಡಿ, ಅರ್ಧದಿಂದ ಶುರು ಮಾಡಿ. 1964ರಲ್ಲಿ ತಿಂಗಳುಗಟ್ಟಲೆ ಆಫ್ರಿಕಾ ಸುತ್ತಿ, ಅಮೆರಿಕದ ಕಪ್ಪು ಜನರದು ಬರಿಯ ನಾಗರಿಕ ಹಕ್ಕಿನ ಪ್ರಶ್ನೆಯಲ್ಲ, ವಿಶ್ವಸಂಸ್ಥೆಯ ಮುಂದಿಡಬೇಕಾದ ಮಾನವ ಹಕ್ಕಿನ ಪ್ರಶ್ನೆ ಎಂದು ವಾದಿಸಿದವರ ಹೆಸರಿನ ಸಂತೆಯಲ್ಲಿ ಸೆನೆಗಲ್ಲಿನವರು ಚೌಕಾಸಿ ಮಾಡುವುದನ್ನು ನೋಡುತ್ತ ನಾನು ಅರ್ಧ ದಿನ ಕಳೆದೆ.

ಊಟಕ್ಕೆ ಅದೇ ಬೀದಿಯಲ್ಲಿ ಪಶ್ಚಿಮಕ್ಕೆ ನಡೆಯಿರಿ. ಅಲ್ಲಿಂದಾಚೆ ಪುಟ್ಟ ಸೆನೆಗಲ್ಲೇ ಇದೆ. ನಾನು ಹೊಕ್ಕದ್ದು ಆರು ಮೇಜುಗಳ ಒಂದು ಖಾನಾವಳಿ. ಗೋಡೆಯ ಮೇಲಿನ ಮೆನುವನ್ನು ಯಾರೂ ನೋಡುವುದಿಲ್ಲ; ಆ ಹೊತ್ತಿಗೆ ಒಲೆಯ ಮೇಲೆ ಏನಿದೆಯೆಂದು ಕೇಳಬೇಕು. ಅಂದು ಇದ್ದದ್ದು ಚೆಬುಜೆನ್: ಟೊಮೆಟೊ ಹಾಕಿದ ಮೀನಿನ ಸಾರಿನಲ್ಲೇ ಬೆಂದ ಅನ್ನ, ಮೇಲೆ ಮರಗೆಣಸು, ಗಜ್ಜರಿ, ಎಲೆಕೋಸಿನ ದೊಡ್ಡ ತುಂಡುಗಳು. ಅಕ್ಕಿ ಇಡಿಯದಲ್ಲ, ನುಚ್ಚು. ಬಡಿಸುವ ತಾಯಿ ನನ್ನ ತಟ್ಟೆ ನೋಡಿ, ಕೇಳದೆಯೇ ತಪ್ಪಲೆಯ ತಳ ಹಿಡಿದ ಅನ್ನವನ್ನು ಕೆರೆದು ತಂದು ಅಂಚಿಗೆ ಹಾಕಿದರು. ಅದೇ ಅತಿಥಿಗೆ ಕೊಡುವ ಗೌರವವಂತೆ. ನಮ್ಮ ಮನೆಯಲ್ಲಿ ಅದಕ್ಕಾಗಿ ಅಣ್ಣತಮ್ಮಂದಿರು ಜಗಳವಾಡುತ್ತಿದ್ದೆವು. ಕುಡಿಯಲು ಬಿಸಾಪ್ ಎಂಬ ಕೆಂಪು ಪಾನಕ, ನಮ್ಮ ರಾಯಚೂರು ಕಡೆಯ ಪುಂಡಿಪಲ್ಯದ ಗಿಡದ ಬಳಗದ ಹೂವಿನದು. ಮೊದಲ ಗುಟುಕಿನ ಹುಳಿಗೆ ನಾಲಿಗೆ ಊರನ್ನು ಗುರುತಿಸಿತು. ಇಬ್ಬರಿಗೆ ಸಾಲುವ ತಟ್ಟೆಗೆ 14 ಡಾಲರ್. ಮುಂದಿನ ಎರಡು ದಿನವೂ ಅಲ್ಲಿಯೇ ಉಂಡೆ. ಸಸ್ಯಾಹಾರಿಗಳು ತರಕಾರಿಯಷ್ಟನ್ನೇ ಕೇಳಿದರೂ ಅದು ಮೀನಿನಲ್ಲೇ ಬೆಂದಿರುತ್ತದೆ. ಬಾಳೆಕಾಯಿ ಕರಿದದ್ದು ಕೇಳಿಕೊಳ್ಳಿ.

135ನೇ ಬೀದಿಯ ಷೋಂಬರ್ಗ್ ಕೇಂದ್ರವೆಂಬ ಗ್ರಂಥಾಲಯದಲ್ಲಿ ಮಾಲ್ಕಂ ಅವರ ಹಸ್ತಪ್ರತಿಗಳಿವೆ, 2018ರ ಹರಾಜಿನಲ್ಲಿ ಕೊಂಡ ಆತ್ಮಕಥೆಯ ಅಪ್ರಕಟಿತ ಅಧ್ಯಾಯವೂ ಇದೆ. ಮೊದಲೇ ಬರೆದು ಸಮಯ ಪಡೆಯದೆ ಅವನ್ನು ನೋಡಲಾಗದು; ನಾನು ಬರೆದಿರಲಿಲ್ಲ.

1965ರ ಫೆಬ್ರವರಿ 21ರಂದು, ಹೆಂಡತಿ ಮಕ್ಕಳ ಕಣ್ಣೆದುರಿಗೇ ಅವರನ್ನು ಗುಂಡಿಕ್ಕಿ ಕೊಂದ ಆಡುಬಾನ್ ಸಭಾಂಗಣವಿರುವುದು 165ನೇ ಬೀದಿಯಲ್ಲಿ. ಹಡಗಿನ ಮೂತಿಯ ಮೇಲೆ ನಿಂತ ಸಮುದ್ರದೇವತೆಯ ಶಿಲ್ಪವಿರುವ ಕಟ್ಟಡದ ಮುಂಭಾಗ ಹಾಗೆಯೇ ಇದೆ. ಹಿಂದಿನ ಬಹುಭಾಗ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವಾಗಿದೆ, ಉಳಿದುದರಲ್ಲಿ 2005ರಿಂದ ಮಾಲ್ಕಂ ಮತ್ತು ಪತ್ನಿ ಬೆಟ್ಟಿ ಶಬಾಝ್ ಅವರ ಸ್ಮಾರಕ ಕೇಂದ್ರವಿದೆ. ಫೋನ್ ಮಾಡಿ ತೆರೆದಿದೆಯೆಂದು ಖಚಿತಪಡಿಸಿಕೊಂಡೇ ಹೊರಡಿ. ಕೊಲೆಗಾಗಿ ಶಿಕ್ಷೆಯಾದ ಮೂವರಲ್ಲಿ ಇಬ್ಬರನ್ನು ನ್ಯಾಯಾಲಯ 2021ರಲ್ಲಿ ನಿರ್ದೋಷಿಗಳೆಂದಿತು. ಅಷ್ಟರಲ್ಲಿ ಒಬ್ಬರು ತೀರಿಕೊಂಡು 12 ವರ್ಷಗಳಾಗಿದ್ದವು.

ಸಾಧ್ಯವಾದರೆ ಮಾಲ್ಕಂ ಅವರ ಜನ್ಮದಿನವಾದ ಮೇ 19ಕ್ಕೆ ಹಾರ್ಲೆಮ್‌ನಲ್ಲಿರಿ. ಅಂದು ನಾನು ಕೊಡೆ ಕೊಳ್ಳಲೆಂದು 125ನೇ ಬೀದಿಗೆ ಹೋದರೆ ಮಧ್ಯಾಹ್ನ ಒಂದರ ಸುಮಾರಿಗೆ ಅಂಗಡಿಗಳ ಷಟರ್‌ಗಳು ಒಂದೊಂದಾಗಿ ಇಳಿಯತೊಡಗಿದವು, ಮೆರವಣಿಗೆಯೊಂದು ಸಾಗಿಬಂತು. ಅವರ ಗೌರವಾರ್ಥ ಪ್ರತಿ ವರ್ಷ ನಡೆಯುವ ಮೂರು ಗಂಟೆಗಳ ಬಂದ್ ಅದು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಕಪ್ಪು ಜನರು ಕಟ್ಟಿದ ಹೋರಾಟದ ಪಕ್ಷ ಬ್ಲ್ಯಾಕ್ ಪ್ಯಾಂಥರ್ ಮಾಲ್ಕಂ ಅವರ ಮಾತುಗಳಿಂದ ಹುಟ್ಟಿದ್ದು, ಆ ಪ್ಯಾಂಥರ್‌ಗಳ ಹೆಸರನ್ನೇ 1972ರಲ್ಲಿ ಮುಂಬೈನ ದಲಿತ ಪ್ಯಾಂಥರ್ಸ್ ಇಟ್ಟುಕೊಂಡದ್ದು. ನಾನು ವಿದ್ಯಾರ್ಥಿಯಾಗಿದ್ದಾಗ ಮಾಲ್ಕಂ ಹೆಸರು ನಮ್ಮೂರಿನ ಹಾಸ್ಟೆಲಿಗೆ ತಲುಪಿದ್ದು ಹೀಗೆ ಸುತ್ತಿ ಬಳಸಿ. ಕೊಡೆ ಸಿಗದೆ ನಾನು ನೆನೆದೆ.

ಅದೇ ದಿನ ಬೆಳಿಗ್ಗೆ ಜನ ಗುಂಪಾಗಿ ಮಾಲ್ಕಂ ಅವರ ಸಮಾಧಿಯಿರುವ ಫರ್ನ್‌ಕ್ಲಿಫ್ ಸ್ಮಶಾನಕ್ಕೆ ಹೋಗುತ್ತಾರೆ. ಜನಜಂಗುಳಿ ನನಗೆ ಒಗ್ಗದು, ಆದ್ದರಿಂದ ಮರುದಿನ ಹೋದೆ. ಹಾರ್ಲೆಮ್‌ನ 125ನೇ ಬೀದಿಯ ರೈಲು ನಿಲ್ದಾಣದಿಂದ ಹಾರ್ಟ್ಸ್‌ಡೇಲ್‌ಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ. ಚಾಲಕನಿಗೆ ಮರಳಿ ಬರುವ ಸಮಯವನ್ನು ಆಗಲೇ ಹೇಳಿಬಿಡಿ. ಇಲ್ಲಿ ಎದ್ದುನಿಂತ ಸಮಾಧಿಕಲ್ಲುಗಳಿಲ್ಲ, ಫಲಕಗಳು ನೆಲಕ್ಕೆ ಸಮವಾಗಿ ಹುಲ್ಲಿನಲ್ಲಿ ಮಲಗಿವೆ, ಕಚೇರಿಯಲ್ಲಿ ನಕ್ಷೆ ಕೇಳದಿದ್ದರೆ ಸಿಗುವುದೇ ಇಲ್ಲ. ನಾನು ನಕ್ಷೆ ಹಿಡಿದೂ ಅರ್ಧ ಗಂಟೆ ಹುಡುಕಿದೆ. ಕೊನೆಗೆ ದಾರಿ ತೋರಿಸಿದ್ದು ಹಿಂದಿನ ದಿನದ ಹೂಗಳು, ಮಳೆಗೆ ನೆನೆದು ಫಲಕಕ್ಕೆ ಅಂಟಿಕೊಂಡಿದ್ದವು.