ಕೆಂಪಿಗೆ ಇನ್ಶೂರೆನ್ಸ್ ಮಾಡಿಸಬೇಕಾ?

ನಮ್ಮಪ್ಪ ಎಲ್‌ಐಸಿ ಏಜೆಂಟ್ ಆಗಿದ್ದವರು. ನಮ್ಮ ಬೀದಿಯ ಅರ್ಧ ಮನೆಗಳಿಗೆ ಅವರೇ ಪಾಲಿಸಿ ಮಾಡಿಸಿದ್ದಾರೆ. ಅಂಥವರಿಗೂ ನಮ್ಮ ನಾಯಿ ಕೆಂಪಿಗೆ ಇನ್ಶೂರೆನ್ಸ್ ಅಂದರೆ ನಗು ಬರುತ್ತೆ. "ದನಕ್ಕೆ ಮಾಡಿಸ್ತಾರೆ, ಅದು ಹಾಲು ಕೊಡುತ್ತೆ. ನಿನ್ನ ನಾಯಿ ಏನು ಕೊಡುತ್ತೆ?" ಅಂತ ಕೇಳಿದರು. ಆ ನಾಯಿ ಅವರ ಕಾಲ ಮೇಲೇ ತಲೆ ಇಟ್ಟು ನಿದ್ದೆ ಹೊಡೆಯುತ್ತಿತ್ತು, ಅದು ಬೇರೆ ಮಾತು.

ಆದರೆ ಅಪ್ಪನ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಹಸುಗಳಿಗೆ ವಿಮೆ ಇತ್ತು. ಹಸುವಿನ ಬೆಲೆ ಎಷ್ಟು ಅಂತ ಡಾಕ್ಟ್ರು ಬರೆದುಕೊಡುತ್ತಿದ್ದರು, ಅದರ ಮೇಲೆ ಪ್ರೀಮಿಯಂ. ಹಸು ಸತ್ತರೆ ದುಡ್ಡು. ಗುರುತಿಗೆ ಹಾಕಿದ ಕಿವಿಯ ಓಲೆ ಕಳೆದುಹೋಗಿದ್ದರೆ ಅದೂ ಇಲ್ಲ. ಅಲ್ಲಿ ಲೆಕ್ಕ ಸಲೀಸು: ಜೀವ ಹೋಯ್ತು, ಆದಾಯ ಹೋಯ್ತು, ಅದರ ಬದಲಿಗೆ ಇಷ್ಟು. ನಾಯಿಯ ವಿಷಯದಲ್ಲಿ ಇದು ತಲೆಕೆಳಗು. ಕೆಂಪಿ ಸತ್ತರೆ ನನಗೆ ದುಡ್ಡು ಬೇಡ. ಅವಳನ್ನು ಉಳಿಸಿಕೊಳ್ಳೋಕೆ ಬೇಕು. ಅದಕ್ಕೇ ಪಾಲಿಸಿಯಲ್ಲಿ 'ಮರಣ ಪರಿಹಾರ' ಅನ್ನೋ ಭಾಗ ಕಂಡರೆ ನಾನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆಪರೇಷನ್, ಅಡ್ಮಿಷನ್ ಇವೆರಡನ್ನೇ ನೋಡಿದೆ.

ಈ ಯೋಚನೆ ಹುಟ್ಟಿದ್ದು ಬೆಂಗಳೂರಿನ ತಂಗಿಯಿಂದ. ಅವಳ ನಾಯಿ ಮಾವಿನ ವಾಟೆ ನುಂಗಿತು. ಮಾವಿನ ಕಾಲದಲ್ಲಿ ನಾಯಿ ಡಾಕ್ಟರುಗಳಿಗೆ ಇದು ಹೊಸದೇನಲ್ಲವಂತೆ. ವಾಟೆ ಕರುಳಿನಲ್ಲಿ ಸಿಕ್ಕಿಕೊಂಡಿತು. ವಾಂತಿ, ಎಕ್ಸ್‌ರೇ, ಸ್ಕ್ಯಾನಿಂಗ್, ರಾತ್ರೋರಾತ್ರಿ ಆಪರೇಷನ್, ಆಮೇಲೆ ಡ್ರಿಪ್ ಮೇಲೆ ಆಸ್ಪತ್ರೆವಾಸ. ಬಿಲ್ಲು ₹50,000 ದಾಟಿತು. ನಾಯಿ ಈಗ ಚೆನ್ನಾಗಿದೆ. ತಂಗಿಯ ಕ್ರೆಡಿಟ್ ಕಾರ್ಡು ಇನ್ನೂ ಸುಧಾರಿಸಿಕೊಳ್ಳುತ್ತಿದೆ.

ನಮ್ಮಲ್ಲಿ ಈ ಪಾಲಿಸಿಗಳು ಅಂಥ ಹಳೆಯವೇನಲ್ಲ. ಸರ್ಕಾರಿ ಕಂಪನಿಗಳಲ್ಲಿ ನಾಯಿ ವಿಮೆ ಮೊದಲಿಂದ ಇತ್ತಾದರೂ ಕೇಳುವವರಿರಲಿಲ್ಲ. ಬಜಾಜ್ ಅಲಯನ್ಸ್ 2020ರಲ್ಲಿ ತಂದಿತು, ಹಿಂದೆಯೇ ಬೇರೆಯವರೂ ಬಂದರು. ಸ್ವೀಡನ್ನಿನಲ್ಲಾದರೆ ನೂರು ವರ್ಷದಿಂದ ನಾಯಿಗೆ ವಿಮೆ ಮಾಡಿಸುತ್ತಿದ್ದಾರೆ.

ನಾನು ಶಿವಮೊಗ್ಗದಲ್ಲಿ ಕೂತು ಕೊಟೇಷನ್ ತರಿಸಿದೆ. ಕೆಂಪಿ ಲ್ಯಾಬ್ರಡಾರ್, ಆರು ವರ್ಷ. ವರ್ಷಕ್ಕೆ ಸುಮಾರು ₹6,000. ಒಪಿಡಿ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆ) ಮತ್ತು ನಾಯಿಯಿಂದ ಬೇರೆಯವರಿಗೆ ಆಗುವ ಹಾನಿಯ ಹೊಣೆ ಸೇರಿಸಿದರೆ ₹9,000ದ ಹತ್ತಿರ. ಜಾಹೀರಾತಿನ ಪುಟದಲ್ಲಿ ನಾಯಿ ನಗುತ್ತಿತ್ತು. ನಾನು ಪಾಲಿಸಿಯ ಷರತ್ತುಗಳ ಪುಸ್ತಕ ಡೌನ್‌ಲೋಡ್ ಮಾಡಿ ಅಪ್ಪನ ಕನ್ನಡಕದ ಮುಂದೆ ಇಟ್ಟೆ. ಅವರು ಪೆನ್ಸಿಲ್ ತಗೊಂಡು ನೇರ 'ಏನೇನು ಕೊಡುವುದಿಲ್ಲ' ಅನ್ನೋ ಪುಟಕ್ಕೆ ಹೋದರು. ಏಜೆಂಟರು ತಮ್ಮ ಮನೆಯವರಿಗೆ ಮಾತ್ರ ಓದಿಸುವ ಪುಟ ಅದು.

ಮೊದಲಿನಿಂದ ಇರುವ ಕಾಯಿಲೆಗೆ ಕೊಡುವುದಿಲ್ಲ, ಅದು ಗೊತ್ತಿದ್ದದ್ದೇ. ಶುರುವಿನ ಕೆಲವು ದಿನ ಕಾಯಿಲೆಗೆ ಕ್ಲೇಮ್ ಇಲ್ಲ. ಲಸಿಕೆ, ಜಂತಿನ ಔಷಧಿ, ಹಲ್ಲು ಕ್ಲೀನಿಂಗ್, ಸಂತಾನಹರಣ ಆಪರೇಷನ್ ಸೇರುವುದಿಲ್ಲ. ಲಸಿಕೆ ಹಾಕಿಸದೆ ಪಾರ್ವೋ, ಡಿಸ್ಟೆಂಪರ್‌ನಂಥ ಅಂಟುರೋಗ ಬಂದರೆ ಬಾಗಿಲು ಬಂದ್, ಅದು ನ್ಯಾಯವೇ. ಬಿಲ್ಲಿನಲ್ಲಿ ಒಂದು ಪಾಲು ನಾವೇ ಕಟ್ಟಬೇಕು. ಮುಖ್ಯವಾಗಿ, ದುಡ್ಡು ಮೊದಲು ನಮ್ಮ ಕೈಯಿಂದಲೇ ಹೋಗುತ್ತೆ, ಕಾಗದಪತ್ರ ಕಳಿಸಿದ ಮೇಲೆ ವಾಪಸ್ಸು. ಅಂದರೆ ತಂಗಿಗೆ ಪಾಲಿಸಿ ಇದ್ದಿದ್ದರೂ ಆ ರಾತ್ರಿ ಕಾರ್ಡು ಉಜ್ಜಲೇಬೇಕಿತ್ತು.

ಇನ್ನು ನಮ್ಮ ಮಲೆನಾಡಿನ ತಲೆನೋವು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಅದರಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಇಲ್ಲಿಯವರಿಗೆ ಉಣುಗಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ನಾಯಿಗೆ ಉಣುಗಿನಿಂದ ಬರುವ ಜ್ವರವೇ ಬೇರೆ. ಕೆಂಪಿಗೂ ಬಂದಿತ್ತು. ರಕ್ತ ಪರೀಕ್ಷೆ, ಪ್ಲೇಟ್ಲೆಟ್ ಇಳಿದದ್ದು, ಡಾಕ್ಸಿಸೈಕ್ಲಿನ್ ಮಾತ್ರೆ ಒಂದು ತಿಂಗಳು, ನಡುವೆ ಮತ್ತೆ ಮತ್ತೆ ಪರೀಕ್ಷೆ. ರಾತ್ರಿ ಅಡ್ಮಿಟ್ ಆಗಲೇ ಇಲ್ಲ. ಬೆಳಿಗ್ಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿಸಿ ಮಧ್ಯಾಹ್ನ ಮನೆಗೆ. ಇದೆಲ್ಲ ಒಪಿಡಿ ಖರ್ಚು. ಮೂಲ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಒಪಿಡಿ ಸೇರಿಸಿದರೆ ಬರುತ್ತೆ, ಆದರೆ ಅದರ ಮಿತಿ ನೋಡಿದರೆ ಹೆಚ್ಚುವರಿ ಪ್ರೀಮಿಯಮ್ಮಿಗೂ ಅದಕ್ಕೂ ಅಂಥ ದೂರವಿಲ್ಲ.

ನನ್ನನ್ನು ಕೊನೆಗೆ ಹಿಂದಕ್ಕೆಳೆದದ್ದು ವಯಸ್ಸು. ನಾನು ನೋಡಿದ ಪಾಲಿಸಿಯಲ್ಲಿ ಹತ್ತು ವರ್ಷಕ್ಕೆ ರಕ್ಷಣೆ ಮುಗಿಯುತ್ತೆ. ದೊಡ್ಡ ಜಾತಿಯ ಗ್ರೇಟ್ ಡೇನ್‌ನಂಥ ನಾಯಿಗಳಿಗೆ ಇನ್ನೂ ಬೇಗ. ಲ್ಯಾಬ್ರಡಾರ್ ಬದುಕುವುದು ಹತ್ತು, ಹನ್ನೆರಡು ವರ್ಷ. ಗಡ್ಡೆ, ಕೀಲುನೋವು, ಕಿಡ್ನಿ ಅಂತ ಶುರುವಾಗುವುದು ಆ ಕೊನೆಯಲ್ಲೇ ಅಲ್ವಾ? ಕೆಂಪಿಗೆ ಸಿಗುವುದು ನಾಲ್ಕು ವರ್ಷದ ರಕ್ಷಣೆ. ಅದಕ್ಕೆ ₹24,000, ಪ್ರೀಮಿಯಂ ಏರದಿದ್ದರೆ. ಅವಳಿಗೆ ಗರ್ಭಕೋಶ ತೆಗೆಸಿಯಾಗಿದೆ, ಹಾಗಾಗಿ ಹೆಣ್ಣುನಾಯಿಗಳಿಗೆ ಇದ್ದಕ್ಕಿದ್ದಂತೆ ಬರುವ ಗರ್ಭಕೋಶದ ಕೀವಿನ ಭಯವೂ ಇಲ್ಲ.

ಊರೂ ಲೆಕ್ಕಕ್ಕೆ ಬರುತ್ತೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿ ಹಸು, ಆಡುಗಳ ಜೊತೆ ಕಾಯಬೇಕು, ಆದರೆ ಬಿಲ್ಲು ಬೆಂಗಳೂರಿನ ಖಾಸಗಿ ಆಸ್ಪತ್ರೆಯಂತೆ ಎದೆ ಒಡೆಸುವುದಿಲ್ಲ. ತಂಗಿಗೆ ಹಾಗಲ್ಲ. ಅವಳು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಬಹುದು, ಆದರೆ ರಾತ್ರಿ ಹನ್ನೊಂದಕ್ಕೆ ನಾಯಿ ಒದ್ದಾಡುವಾಗ ಮನೆ ಪಕ್ಕದ ದುಬಾರಿ ಆಸ್ಪತ್ರೆಗೇ ಓಡುತ್ತಾಳೆ. ಅದೂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ದಿನಾ ಹತ್ತು ಮಕ್ಕಳ ನಡುವೆ ನಾಯಿ ಕರೆದೊಯ್ಯುವವಳು. ಯಾರಿಗಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ನಾಯಿಯನ್ನು ಅಜಾಗರೂಕತೆಯಿಂದ ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ₹5,000ವರೆಗೆ ದಂಡ, ಅಥವಾ ಎರಡೂ. ವಿಮೆ ಜೈಲು ತಪ್ಪಿಸುವುದಿಲ್ಲ, ಪರಿಹಾರದ ದುಡ್ಡಿಗೆ ಆಸರೆಯಾಗುತ್ತೆ. ಅವಳ ನಾಯಿಗೆ ಇನ್ನೂ ಎರಡು ವರ್ಷ. ಅವಳಿಗೆ ಮಾಡಿಸು ಅಂತಲೇ ಹೇಳಿದೆ. ಹೊಸ ಮರಿ ತರುವ ಯಾರಿಗೇ ಆದರೂ ಡಾಕ್ಟರ ಚೀಟಿಯಲ್ಲಿ ಯಾವ ಕಾಯಿಲೆಯ ಹೆಸರೂ ಬೀಳುವ ಮೊದಲೇ ಮಾಡಿಸಿ ಅಂತೀನಿ. ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯದವರಂತೂ ಇನ್ನೂ ಮೊದಲು.

ಕೆಂಪಿಗೆ ಮಾತ್ರ ಮಾಡಿಸುತ್ತಿಲ್ಲ. ತಿಂಗಳಿಗೆ ₹1,000 ಆರ್‌ಡಿ ಶುರುಮಾಡಿದ್ದೇನೆ. ಪೋಸ್ಟಾಫೀಸಿನಲ್ಲೇ ಇಡೋಣ ಅಂದುಕೊಂಡಿದ್ದೆ, ಅಪ್ಪ ಬೇಡ ಅಂದರು. ಅಲ್ಲಿ ಮೂರು ವರ್ಷದವರೆಗೆ ಖಾತೆ ಮುಚ್ಚೋಕಾಗಲ್ಲ, ಒಂದು ವರ್ಷದ ಕಂತು ತುಂಬಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತೆ ಅಷ್ಟೇ. ಹಾಗಾಗಿ ಬ್ಯಾಂಕಿನಲ್ಲಿ ಇಟ್ಟೆ. ಬಡ್ಡಿ ಸ್ವಲ್ಪ ಹೋದರೂ ಬೇಕಾದಾಗ ಮುರಿಸಬಹುದು.

"ಮುಂದಿನ ತಿಂಗಳೇ ವಾಟೆ ನುಂಗಿದರೆ? ಆರ್‌ಡಿಯಲ್ಲಿ ಎರಡು ಸಾವಿರ ಇರುತ್ತೆ" ಅಂದರು ಅಪ್ಪ, ಹಳೇ ಏಜೆಂಟಿನ ದನಿಯಲ್ಲಿ. ಸರಿಯಾದ ಮಾತೇ. ಅದಕ್ಕೆ ಈ ವರ್ಷ ಎತ್ತಬೇಕಿದ್ದ ಚೀಟಿಯನ್ನು ಅಂಥ ಹೊತ್ತಿಗೆ ಇರಲಿ ಅಂತ ಹಾಗೇ ಬಿಟ್ಟಿದ್ದೇನೆ, ಮಿಕ್ಸಿ ಬದಲಾಯಿಸುವುದು ಮುಂದಕ್ಕೆ ಹೋಯ್ತು. ಮಾವಿನಹಣ್ಣು ತಿಂದವರು ವಾಟೆಯನ್ನು ಮುಚ್ಚಳ ಇರುವ ಡಬ್ಬಿಗೇ ಹಾಕಬೇಕು ಅಂತ ಮನೆಯವರಿಗೆಲ್ಲ ಹೇಳಿಯಾಗಿದೆ, ಅಪ್ಪನಿಗೂ ಸೇರಿ.