ನಂಬರ್ ಒಂದೇ, ಕೇಜ್ ಬೇರೆ

ಹೋದ ತಿಂಗಳು ನಮ್ಮ ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿಯಿಂದ ಫೋನ್ ಬಂತು. "ಬ್ಲೋವರ್ ಮತ್ತೆ ಕೂಗ್ತಿದೆ ಮಾರಾಯ, ನಾಲ್ಕು ತಿಂಗಳಾಗಿಲ್ಲ" ಅಂದರು ಯಜಮಾನರು. ರೋಸ್ಟರಿನ ಹೊಗೆ, ಹೊಟ್ಟು ಎಳೆಯುವ ಫ್ಯಾನ್ ಅದು. ಬೇರಿಂಗ್ ಹಾಕಿದ್ದು ನಾನೇ.

ಪುಲ್ಲರ್ ಹಾಕಿ ಎಳೆದೆ. ಸೀಲ್ ಎತ್ತಿದರೆ ಗ್ರೀಸ್ ಒಣಗಿ ಡಾಂಬರಿನ ಹಾಗಾಗಿತ್ತು. ಗೋಲಿಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಪ್ಲಾಸ್ಟಿಕ್ ಬಳೆ, ಅಂದರೆ ಕೇಜ್, ಕಂದು ಬಣ್ಣಕ್ಕೆ ತಿರುಗಿ, ಉಗುರಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. 9 ಗೋಲಿಗಳಲ್ಲಿ 4 ಒಂದೇ ಕಡೆ ಬಂದು ಸೇರಿದ್ದವು. ರೋಸ್ಟರ್ ಓಡುವಾಗ ಬೇರಿಂಗ್ ಮನೆ ಮೇಲೆ ಅಳೆದೆ, 128 ಡಿಗ್ರಿ! ನೈಲಾನ್ ಕೇಜ್ ತುಂಬಾ ದಿನ ತಡೆಯುವುದು ಸುಮಾರು 120ರವರೆಗೆ ಮಾತ್ರ. ತಪ್ಪು ಬೇರಿಂಗಿನದಲ್ಲ, ಅದನ್ನು ಅಲ್ಲಿ ಹಾಕಿದ ನನ್ನದು. ಯಜಮಾನರಿಗೂ ಹಾಗೇ ಹೇಳಿ, ಕೂಲಿ ತಗೊಳ್ಳಲಿಲ್ಲ.

ಕೇಜ್ ಸುಮ್ನೆ ಗೋಲಿ ಹಿಡಿದಿಡೋದಕ್ಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎರಡು ಗೋಲಿ ಪಕ್ಕಪಕ್ಕ ತಾಗಿಸಿ ಒಂದೇ ಕಡೆ ಉರುಳಿಸಿ ನೋಡಿ. ತಾಗುವ ಜಾಗದಲ್ಲಿ ಒಂದರ ಮೈ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಹೋಗುತ್ತದೆ. ಎದುರುಬದುರು ಉಜ್ಜಾಟ. ನಿಮಿಷಕ್ಕೆ 2,800 ಸುತ್ತು ಓಡುವಾಗ ಅದೆಷ್ಟು ಬಿಸಿ, ಎಷ್ಟು ಸವೆತ ಯೋಚಿಸಿ. ಅದನ್ನು ತಪ್ಪಿಸೋದು ಕೇಜ್.

ಈ ಬ್ಲೋವರಿನ ಬೇರಿಂಗ್ ನಂಬರ್ 6205. ಹೊಸದು ಕೇಳಿದಾಗ ಸ್ಪೇರ್ಸ್ ಅಂಗಡಿಯ ಹುಡುಗ "ಅಣ್ಣಾ, 6205 ಅಂದ್ರೆ 6205 ಅಲ್ವಾ?" ಅಂದ. ಅಳತೆ ಒಂದೇ, ನಿಜ. ಒಳಗೆ 25, ಹೊರಗೆ 52, ಅಗಲ 15 ಮಿಲಿಮೀಟರ್. ಆದರೆ ನಂಬರಿನ ಬಾಲದಲ್ಲಿರುವ ಅಕ್ಷರ ಓದಬೇಕು. ಟಿಎನ್, ಟಿವಿ ಅಂತ ಇದ್ದರೆ ಸಾಮಾನ್ಯವಾಗಿ ಪ್ಲಾಸ್ಟಿಕ್. ಎಂ ಅಂದರೆ ಕಡೆದ ಹಿತ್ತಾಳೆ. ಈ ಸೈಜಿನಲ್ಲಿ ಕೇಜಿನ ಅಕ್ಷರವೇ ಇಲ್ಲದಿದ್ದರೆ ಹೆಚ್ಚಾಗಿ ಒತ್ತಿದ ಸ್ಟೀಲ್ ತಗಡು. ಹಿತ್ತಾಳೆ ಗಟ್ಟಿ, ಭಾರದ ಪೆಟ್ಟು ತಡೆಯುತ್ತದೆ, ರೇಟೂ ಜಾಸ್ತಿ. ಅಮೋನಿಯಾ ಓಡುವ ಐಸ್ ಪ್ಲಾಂಟಿನಲ್ಲಿ ಮಾತ್ರ ಅದು ಬೇಡ, ಬಿರುಕು ಬಿಡುತ್ತದೆ.

ಬ್ಲೋವರಿಗೆ ಸ್ಟೀಲ್ ಕೇಜ್, ಎರಡೂ ಕಡೆ ತಗಡಿನ ಮುಚ್ಚಳ, ಸಿ3 ಸಡಿಲ (ಗೋಲಿಗೂ ಬಳೆಗೂ ನಡುವೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಸಂದು), ಬಿಸಿ ತಡೆಯುವ ಗ್ರೀಸ್ ಇರುವುದನ್ನೇ ತರಿಸಿದೆ. ರಬ್ಬರ್ ಸೀಲ್ ಕೂಡ ಅಷ್ಟು ಬಿಸಿಗೆ ಗಟ್ಟಿಯಾಗುತ್ತದೆ. ಜೊತೆಗೆ ಲೇತಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಕಡೆಸಿ ಫ್ಯಾನಿಗೂ ಬೇರಿಂಗಿಗೂ ನಡುವೆ ಶಾಫ್ಟಿಗೆ ಕೂರಿಸಿದೆ. ಶಾಫ್ಟಿನ ಬಿಸಿಯನ್ನು ಅದು ಗಾಳಿಗೆ ಬಿಡುತ್ತದೆ. ಈಗ 98 ಡಿಗ್ರಿ.

"ಹಾಗಾದ್ರೆ ಪ್ಲಾಸ್ಟಿಕ್ಕೇ ಸಾಕಿತ್ತಲ್ಲ?" ಅಂತ ಯಜಮಾನರು ಕೇಳಿದರು. ಮಳೆಗಾಲದಲ್ಲಿ ನಮ್ಮೂರ ಕರೆಂಟ್ ಗೊತ್ತಲ್ಲ. ರೋಸ್ಟರ್ ಕಾದಿರುವಾಗ ಫ್ಯಾನ್ ನಿಂತರೆ ತಟ್ಟೆಗೆ ಗಾಳಿ ಇಲ್ಲ, ಒಳಗಿನ ಬಿಸಿಯೆಲ್ಲ ಶಾಫ್ಟ್ ಹಿಡಿದು ಬೇರಿಂಗಿಗೆ ಬರುತ್ತದೆ. ಅದಕ್ಕೇ ಸ್ಟೀಲ್.

ಹಾಗಂತ ಪ್ಲಾಸ್ಟಿಕ್ ಕೆಟ್ಟದ್ದು ಅಂತಲ್ಲ. ಹಗುರ, ಬಾಗುತ್ತದೆ, ಗ್ರೀಸ್ ಕಡಿಮೆಯಾದರೂ ಸಲೀಸಾಗಿ ಜಾರುತ್ತದೆ. ನಾಳೆ ಆಲ್ದೂರು ಕಡೆಯ ತೋಟದಿಂದ ಒಂದು ಹಲ್ಲರ್, ಅಂದರೆ ಕಾಫಿ ಸಿಪ್ಪೆ ಬಿಡಿಸುವ ಯಂತ್ರ, ಬರುತ್ತಿದೆ. ಅಲ್ಲಿ ಬಿಸಿ ಇಲ್ಲ, ಅದುರಾಟ ಜಾಸ್ತಿ. ಹೋದ ಸಲ ಸ್ಟೀಲ್ ಕೇಜಿನ ರಿವೆಟ್ ಕಿತ್ತು ಬಂದಿತ್ತು. ಅದಕ್ಕೆ ಪ್ಲಾಸ್ಟಿಕ್ ಕೇಜಿನದೇ ತಂದಿಟ್ಟಿದ್ದೇನೆ.